ಆಂಟಿ ತಟ್ಟಿ ನೋಡಿದ ಕಂಬ

ಮೊನ್ನೆ ಲೀಡ್ಸ್‌ನ ಇಂಡಿಯನ್ ಅಂಗಡಿಯಲ್ಲಿ ತೆಂಗಿನಕಾಯಿ ಆರಿಸುತ್ತಾ ಒಂದನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದೆ. ಕೈ ಅಲ್ಲೇ ನಿಂತಿತು. ಹಾಗೆ ತಟ್ಟುವುದನ್ನು ನನಗೆ ಕಲಿಸಿದ್ದು, ನಾನಿಲ್ಲಿ ಓದುತ್ತಿದ್ದಾಗ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಆಂಟಿ...

ಅಬ್ಬಾ, ಅವರ ಅನುಮಾನವೇ! ಹಾಲಿನ ಡಬ್ಬಿಯ ಮೇಲಿನ ತಾರೀಖನ್ನೂ ನಂಬುತ್ತಿರಲಿಲ್ಲ, ಮೂಸಿಯೇ ನೋಡಬೇಕು. ಬಸ್ಸು ಬರುತ್ತಿದೆ ಎಂದು ಫೋನು ತೋರಿಸಿದರೂ ರಸ್ತೆಗಿಳಿದು ಇಣುಕುತ್ತಿದ್ದರು. ಆ ವರ್ಷ ಅವರಿಗೆ ಹೊಟ್ಟೆನೋವು ಶುರುವಾಗಿ ಆಸ್ಪತ್ರೆಯ ಓಡಾಟ ಹತ್ತಿಕೊಂಡಿತು. ಡಾಕ್ಟರ ಇಂಗ್ಲಿಷ್ ಅವರಿಗೆ ಅರ್ಥವಾಗುತ್ತಿರಲಿಲ್ಲ. ಜೊತೆಗೆ ಹೋಗುತ್ತಿದ್ದ ಅವರ ಗಂಡ, ಅಂಕಲ್ಲೇ, ಕನ್ನಡದಲ್ಲಿ ಹೇಳುತ್ತಿದ್ದರು: "ಏನಿಲ್ವಂತೆ, ಬರೀ ಹುಣ್ಣಂತೆ."

ನನಗೆ ಮಾತ್ರ ಅಂಕಲ್ ನಿಜ ಹೇಳಿದ್ದರು. ಕ್ಯಾನ್ಸರ್, ಹೆಚ್ಚು ದಿನವಿಲ್ಲ. ಅವಳಿಗೆ ಗೊತ್ತಾಗಬಾರದು ಎಂದು ಮಾತನ್ನೂ ತೆಗೆದುಕೊಂಡಿದ್ದರು. ಆಂಟಿಯ ಮುಖ ನೋಡುವುದೇ ನನಗೆ ಹಿಂಸೆಯಾಗಿಬಿಟ್ಟಿತ್ತು.

ಒಂದು ಭಾನುವಾರ ಆಂಟಿಯೇ ಹಟ ಹಿಡಿದು ನನ್ನನ್ನು ಊರಾಚೆಯ ಅರಮನೆಗೆ ಹೊರಡಿಸಿದರು. ಮುನ್ನೂರು ವರ್ಷದ ಹಿಂದಿನ ಬರೋಕ್ ಕಾಲದ್ದು, ಈಗ ಮ್ಯೂಸಿಯಂ. ಸಂಗೀತ ಕಚೇರಿಗಳೂ ನಡೆಯುತ್ತವೆ. ಚಾವಣಿ ತುಂಬ ಬಣ್ಣದಲ್ಲಿ ಬಿಡಿಸಿದ ಮೋಡ, ರೆಕ್ಕೆಯ ಮಕ್ಕಳು, ಎಲ್ಲಿ ನೋಡಿದರೂ ಚಿನ್ನದ ಬಳ್ಳಿ. ದೊಡ್ಡ ಸಭಾಂಗಣದ ಅಮೃತಶಿಲೆಯ ಕಂಬಗಳನ್ನು ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ, ಆಂಟಿ ಬೆರಳು ಮಡಚಿ ಒಂದು ಕಂಬವನ್ನು ಟಕ್ ಟಕ್ ಎಂದು ತಟ್ಟಿಯೇಬಿಟ್ಟರು.

"ಅಯ್ಯೋ, ಮುಟ್ಬಾರ್ದು ಆಂಟಿ!"

"ಸುಮ್ನಿರೇ. ಇದು ಕಲ್ಲಲ್ಲ, ಮರ. ಬಣ್ಣ ಬಳಿದಿದಾರೆ."

ಕಾವಲಿಗಿದ್ದ ಹೆಂಗಸು ಓಡಿಬಂದಳು. ಇನ್ನೇನು ಬೈಯುತ್ತಾಳೆ ಎಂದುಕೊಂಡರೆ, ನಕ್ಕು, ಹೌದು ಮರವೇ, ಆದರೆ ದಯವಿಟ್ಟು ಮುಟ್ಟಬೇಡಿ ಎಂದಳು. ಅದನ್ನು ಕನ್ನಡದಲ್ಲಿ ಹೇಳಿದೆ. ಆಂಟಿ ನಗಲಿಲ್ಲ. ಅವಳು ಅತ್ತ ಹೋಗುವುದನ್ನೇ ಕಾದು ನನ್ನ ಕಡೆ ತಿರುಗಿದರು.

"ಮನೇಲಿ ಅವರಿರ್ತಾರೆ ಅಂತ್ಲೇ ನಿನ್ನ ಇಷ್ಟು ದೂರ ಕರ್ಕೊಂಡ್ಬಂದೆ. ಡಾಕ್ಟರು ಅಷ್ಟುದ್ದ ಮಾತಾಡ್ತಾರೆ, ನಮ್ಮನೆಯವರು ಎರಡು ಮಾತಲ್ಲಿ ಮುಗಿಸ್ತಾರೆ. ನಿಂಗೂ ಗೊತ್ತು. ನಿಜ ಹೇಳು."

ಸುಳ್ಳು ಬಾಯಿಗೆ ಬರಲಿಲ್ಲ. ಹೇಳಿದೆ. ಆಂಟಿ ಅಲ್ಲೇ ಬೆಂಚಿನ ಮೇಲೆ ಕುಳಿತರು... ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದರು.

"ನಂಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡ ಕಣೇ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲ ಅವರಿಗೆ. ಎಷ್ಟು ಕಷ್ಟಪಡ್ತಿದಾರೆ..."

ಆಮೇಲೆ ಅಂಕಲ್ ಆಸ್ಪತ್ರೆಯಿಂದ ಬಂದು ಏನು ಹೇಳಿದರೂ ಆಂಟಿ ತಲೆಯಾಡಿಸುತ್ತಿದ್ದರು. "ಬರೀ ಹುಣ್ಣಾ? ಸದ್ಯ, ಬಿಡಿ" ಎನ್ನುತ್ತಿದ್ದರು. ಆಗ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಆಂಟಿ ಹೋಗಿ ವರ್ಷಗಳಾದವು. ಅಂಕಲ್ ಈಗ ನಾಟಿಂಗ್‌ಹ್ಯಾಮ್‌ನಲ್ಲಿ ಮಗನ ಜೊತೆ ಇದ್ದಾರೆ. ಅಂಗಡಿಯಿಂದ ಹೊರಬಂದವಳೇ ಅವರಿಗೆ ಫೋನ್ ಮಾಡಿದೆ, ತಡೆಯಲಾಗಲಿಲ್ಲ. ಎಂದಿನಂತೆ ಮಾತು ಆಂಟಿಯ ಮೇಲೇ ಬಂತು.

"ಅಷ್ಟು ಅನುಮಾನದವಳು... ಕೊನೇವರೆಗೂ ಒಂಚೂರೂ ಗೊತ್ತಾಗ್ಲಿಲ್ಲ ನೋಡಮ್ಮ ಅವಳಿಗೆ. ಅದೊಂದೇ ಸಮಾಧಾನ ನಂಗೆ."

ಕಣ್ಣು ತುಂಬಿತ್ತು, ಕೈಯಲ್ಲಿ ತೆಂಗಿನಕಾಯಿಯ ಚೀಲ.

"ಹೌದು ಅಂಕಲ್," ಎಂದೆ.