ವಿನೆಗರ್ ಹಚ್ಚೂ ನರ್ಸಬಾಯಿ

ಹೈದರಾಬಾದಿನ ಕಾಚಿಗೂಡದಾಗಿನ ನಮ್ಮ ವಠಾರಕ್ಕ ಒಬ್ರು ನರ್ಸಬಾಯಿ ಬರ್ತಿದ್ರು. ಅವರ ಹೆಸರೂ ನಾ ಕೇಳಲಿಲ್ಲ. ಪಡದೆ ಹಿಂದ ಹೆಂಗಸರ ಗರ್ಭಚೀಲದ ಬಾಯಿಗೆ ವಿನೆಗರ್ ಹಚ್ಚಿ, "ಒಂದು ನಿಮಿಷ ತಡೀರಿ" ಅಂತ ಗಡಿಯಾರ ನೋಡ್ತಿದ್ರು. ಆಮ್ಯಾಲೆ ಸಣ್ಣ ಕ್ಯಾಮೆರಾದಾಗ ಫೋಟೋ ತಗದು ನೋಡ್ತಿದ್ರು. ಬಿಳಿ ಕಲೆ ಎದ್ರ, ಕ್ಯಾನ್ಸರ್ ಆಗೂ ಮೊದ್ಲ ಔಷಧ ಮಾಡಬಹುದಿತ್ತು.

ನಾ ಆಗಷ್ಟ ಕಂಪ್ಯೂಟರ್ ಕಲಿಯಾಕತ್ತಿದ್ದೆ. ಭಾಳ ತಿಳದಾಂವನಂಗ ಬಾಗಲದಾಗ ನಿಂತು ಅಂದೆ, "ಫೋಟೋ ಇಂಟರ್ನೆಟ್‌ನ್ಯಾಗ ಹೋಗ್ತಾವ, ಮನೀಗೆ ನಡೀರಿ." ನರ್ಸಬಾಯಿ ಕಡೆ ಚೀಟಿಯಾಗ ಹೆಸರು ಬರಸಿ ಸಾಲಿನ್ಯಾಗ ನಿಂತಿದ್ದ ಏಳು ಮಂದಿ ಹೊಳ್ಳಿ ಹೋದ್ರು.

ನನ್ನ ಹೆಂಡತಿ ಮಾತ್ರ "ನಿಮ್ಮ ಇಂಟರ್ನೆಟ್ ನೀವ ಇಟಗೋರಿ" ಅಂತ ಒಳಗ ಹೋದ್ಲು. ಆಕೀಗೆ ಬಿಳಿ ಕಲೆ ಇತ್ತು. ದವಾಖಾನ್ಯಾಗ ತಗದ್ರು, ಆರಾಮಾದ್ಲು.

ನಾ ಮಾಫಿ ಕೇಳಾಕ ಹೋದೆ. ನರ್ಸಬಾಯಿ ಬೈಲಿಲ್ಲ. ಬಾಟಲಿ ಒರಿಸ್ಕೋತ ಅಂದ್ರು, "ನೀವ ಕಳಿಸಿದ್ರಿ, ನೀವ ಕರಕೊಂಡು ಬರ್ರಿ."

ಮನಿ ಮನಿ ಬಾಗಲಾ ಬಡದೆ. ಆರು ಮಂದಿ ಬಂದ್ರು. ಏಳನೇ ಮನೀಗೆ ಕೀಲಿ ಹಾಕಿತ್ತು. ಅವರು ಊರು ಬಿಟ್ಟು ಎಲ್ಲಿಗೆ ಹೋದ್ರೋ ಯಾರಿಗೂ ಗೊತ್ತಿರಲಿಲ್ಲ.

ನರ್ಸಬಾಯಿ ಬಂದಾಗೊಮ್ಮೆ ಕೇಳೋರು, "ಆ ಏಳನೇ ಮನಿ ಹೆಣ್ಮಗಳ ಸುದ್ದಿ ಏನರ ಐತೇನ್ರಿ?" ನಾ ಇಲ್ಲ ಅಂತಿದ್ದೆ. ಅವರು ಆಕೀ ಹೆಸರಿನ ಚೀಟಿ ಮತ್ತ ಚೀಲದಾಗ ಇಟ್ಕೋತಿದ್ರು, ಹರದು ಒಗೀತಿರಲಿಲ್ಲ.