ಅಮಾವಾಸ್ಯೆಯ ಹೊಸ ನೀರು

ಇವತ್ತು ನಲ್ಲಿ ತಿರುಗಿಸಿದೊಡನೆ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆದು, ಶಹಾಪುರದ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂತು.

ಪಡಸಾಲೆಯಲ್ಲಿ ಅಪ್ಪನ ಗಾಜಿನ ಮೀನಿನ ಪೆಟ್ಟಿಗೆ ಇತ್ತು. ಒಂದು ಕೆಂಪು ಮೀನಿಗೆ ಮೈತುಂಬ ಬಿಳಿ ಚುಕ್ಕೆ ಎದ್ದಾಗ, ಅಪ್ಪ ನೀರಿಗೆ ಉಪ್ಪು ಹಾಕಿ ಕೂಸಿನ ಹಾಗೆ ಕಾಯುತ್ತಿದ್ದ. ಅಷ್ಟರಲ್ಲಿ ಅಮಾವಾಸ್ಯೆ ಬಂತು. ಮನೆಯ ಹಳೆಯ ನೀರನ್ನೆಲ್ಲ ಚೆಲ್ಲಿ, ಕೊಡ ಹಂಡೆ ತಿಕ್ಕಿ ತುಂಬುವ ದಿನ. ಅವ್ವ ಮೀನಿನ ಪೆಟ್ಟಿಗೆಯನ್ನೂ ತೊಳೆದು ನಲ್ಲಿಯ ನೀರು ತುಂಬಿದಳು. ಮೀನುಗಳು ಗಾಜಿಗೆ ತಲೆ ಚಚ್ಚಿಕೊಂಡು ವಿಲಿವಿಲಿ ಒದ್ದಾಡಿ ಸತ್ತವು.

ಅವ್ವನ ಚೀರಾಟಕ್ಕೆ ಅಪ್ಪ ಮಗ್ಗದ ಕೋಣೆಯಿಂದ, ಕೈಯಲ್ಲಿದ್ದ ಮರದ ಲಾಳಿ ಸಮೇತ ಓಡಿಬಂದ.

"ಅಮಾಸಿ ಐತಂತ ಹಳೇ ನೀರು ಚೆಲ್ಲೀನ್ರಿ..."

"ನಳದ ನೀರು ಒಂದಿನ ಬಕೇಟಿನ್ಯಾಗ ನಿಂದರಸಬೇಕು, ತಿಳಿಯೂದಿಲ್ಲೇನ ನಿನಗ?"

ಅಪ್ಪ ಲಾಳಿ ಬೀಸಿದ. ಮೊದಲು ಪೆಟ್ಟಿಗೆ ಒಡೆಯಿತು, ಆಮೇಲೆ ಅವ್ವನ ಹಣೆ. ನೀರು, ಗಾಜು, ರಕ್ತ ಎಲ್ಲ ನನ್ನ ಕಾಲಡಿ ಹರಿದವು. ಸಂಜೆ ಅಪ್ಪ ಅತ್ತ, ಮೀನಿಗಾಗಿ.

"ಅಜ್ಜಿ, ಬಕೇಟಿನ್ಯಾಗ ನೀರು ಯಾಕ ಇಟ್ಟೀ?" ಎಂದು ಈಗ ತನ್ನ ಮೀನಿನ ಪೆಟ್ಟಿಗೆಯ ಮುಂದೆ ಕೂತಿದ್ದ ಮೊಮ್ಮಗಳು ಕೇಳಿದಳು.

"ವಾಸನಿ ಹೋಗ್ಲಿ ಅಂತವ್ವಾ, ಇಲ್ಲಂದ್ರ ಮೀನು ಸಾಯ್ತಾವ."

ಇಷ್ಟೇ ಮಾತು. ಆ ಅಮಾವಾಸ್ಯೆಗೆ ಮೊದಲು ಅಪ್ಪ ಅದನ್ನು ಅವ್ವನಿಗೆ ಒಮ್ಮೆಯೂ ಹೇಳಿರಲಿಲ್ಲ.