ಗೋಡೆಯ ಬುಡ ಅಗೆದು ನೋಡಿದ ದುರುಗಮ್ಮ

ಚನ್ನಗಿರಿಯ ಪೇಟೆ ಬೀದಿಯಲ್ಲಿ ಇನ್ನೂ ಅಂಗಡಿಗಳ ಬಾಗಿಲು ತೆರೆದಿಲ್ಲ. ಬಟ್ಟೆ ವ್ಯಾಪಾರಿ ಬಸವರಾಜಪ್ಪನವರ ಮನೆಯ ಹಿಂಗೋಡೆ ಪಕ್ಕದ ಗುಂಡಿಯಲ್ಲಿ ದುರುಗಮ್ಮ ಆಗಲೇ ಎದೆಮಟ್ಟ ಇಳಿದಿದ್ದಾರೆ. ಸೆರಗು ಬಿಗಿದು, ಗಿಡ್ಡ ಹಾರೆಯಿಂದ ಪಾಯದ ಕಲ್ಲಿನಡಿಯ ಮಣ್ಣು ಕೆರೆದು, ಒಂದು ಹಿಡಿ ಹಿಸುಕಿ ನೋಡುತ್ತಾರೆ. ಮೇಲೆ ಕಾಲು ಚಾಚಿ ಕುಳಿತ ಗಂಡ ಕಲ್ಲೇಶಪ್ಪ ಗಾರೆ ಕಲಸುತ್ತಿದ್ದಾರೆ.

ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಅಂಥ ಗೋಡೆಯ ಬುಡವನ್ನು ಒಮ್ಮೆಲೇ ಬಿಚ್ಚುವಂತಿಲ್ಲ. ಒಂದು ಮಾರಿನಷ್ಟು ಅಗೆದು, ಗಟ್ಟಿ ನೆಲದಿಂದ ಕಲ್ಲು ಕಟ್ಟಿ, ಅದು ಬಿಗಿಯಾದ ಮೇಲೆ ಮುಂದಿನ ತುಂಡು. "ಅವಸರ ಮಾಡಿದ್ರೆ ಗೋಡೆ ನಮ್ಮ ಮೇಲೇ ಕುಂದರ್ತೈತ್ರೀ," ಎನ್ನುತ್ತಾರೆ ದುರುಗಮ್ಮ.

ಗೋಡೆ ಬೀಳುವುದೆಂದರೇನೆಂದು ಅವರಿಗೆ ಗೊತ್ತು. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ, ಎಪ್ಪತ್ತೆಂಟರ ಮುಂಗಾರಿನಲ್ಲಿ, ಅವರ ಮನೆಯ ಗೋಡೆಯೇ ಕುಸಿದು ಕಲ್ಲೇಶಪ್ಪನ ಮೊಣಕಾಲು ಜಜ್ಜಿತು. ಊರೆಲ್ಲ ಕಟ್ಟಡ ಕಟ್ಟುತ್ತಿದ್ದ ಗೌಂಡಿಯ ಕಾಲು ಆಮೇಲೆ ಮಡಚಲೇ ಇಲ್ಲ.

"ಎಲ್ಲಾರೂ ಹಣೆಬರ ಅಂದ್ರು. ನನಗೆ ಸಮಾಧಾನ ಆಗ್ಲಿಲ್ಲ. ಬುಡ ಅಗೆದು ನೋಡಿದೆ. ಎರೆ ಮಣ್ಣಾಗೆ ಮೊಣಕಾಲುದ್ದಾನೂ ಪಾಯ ಇರ್ಲಿಲ್ಲ. ಬ್ಯಾಸಗ್ಯಾಗೆ ನೆಲ ಬಾಯಿ ಬಿಟ್ಟಿತ್ತು, ಮಳೆ ಬಿದ್ದು ಉಬ್ಬಿತು. ಗೋಡೆ ಹೆಂಗೆ ನಿಂದರ್ತೈತೆ?"

ಅಲ್ಲಿಂದ ಗುಂಡಿಗಿಳಿಯುವ ಕೆಲಸ ಅವರದಾಯಿತು. ಗಂಡ ಮೇಲೆ ಕುಳಿತು ಕಲ್ಲಿನ ಜೋಡಣೆ ಹೇಳಿಕೊಟ್ಟರು. ಹೆಂಗಸು ಪಾಯ ಮುಟ್ಟುವುದೇ ಎಂದು ಮೊದಮೊದಲು ಕೆಲವರು ವಾಪಸು ಕಳಿಸಿದ್ದುಂಟು. ಈಗ ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಹೇಳಿ ಕಳಿಸುತ್ತಾರೆ. ಅಗೆದಲ್ಲೆಲ್ಲ ಒಂದೊಂದು ಕಾರಣ ಸಿಕ್ಕಿದೆ: ಒಂದು ಕಡೆ ಹೆಗ್ಗಣದ ಬಿಲ, ಇನ್ನೊಂದು ಕಡೆ ಸೂರಿನ ನೀರು ಬುಡಕ್ಕೇ ಸುರಿಯುವುದು, ಮತ್ತೊಂದು ಕಡೆ ತುಂಬಿದ ಮಣ್ಣನ್ನು ದಮ್ಮಸು ಹೊಡೆದು ಗಟ್ಟಿ ಮಾಡದೆ ಕಟ್ಟಿದ್ದು.

ಬಸವರಾಜಪ್ಪನವರ ಅನುಮಾನವೆಲ್ಲ ಪಕ್ಕದ ಹಿತ್ತಿಲಿನ ಬೇವಿನ ಮರದ ಮೇಲೆ. ಉಡಚಮ್ಮ ಎಂಬ ಒಂಟಿ ಹೆಂಗಸು ಅದರ ನೆರಳಿನಲ್ಲಿ ಒಲೆ ಹೂಡಿ ರೊಟ್ಟಿ ಮಾರಿ ಬದುಕುತ್ತಾರೆ. ಮರ ಕಡಿಸೆಂದು ಇವರು, ಕಡಿಸೆನೆಂದು ಅವರು. ಎರಡು ಮನೆಗೂ ಮಾತು ನಿಂತು ಬಹಳ ಕಾಲವಾಗಿದೆ. ಬೇರು ಸಿಕ್ಕಿದ ದಿನವೇ ಕೊಡಲಿ ಹಾಕಿಸುವುದೆಂದು ಪಂಚರು ಹೇಳಿದ್ದಾರೆ.

ಗುಂಡಿಯ ಅಂಚಿಗೆ ಬಸವರಾಜಪ್ಪ ಬಂದಿದ್ದಾರೆ; ಬೇಲಿಯಾಚೆ ಉಡಚಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು ನಿಂತಿದ್ದಾರೆ. ಗುಂಡಿಯಲ್ಲಿ ಬೇರು ಸಿಗುತ್ತದೆ, ಕಿರುಬೆರಳಿನಷ್ಟು ಸಪೂರ. ದುರುಗಮ್ಮ ಅದನ್ನು ಬಿಟ್ಟು ಇನ್ನೂ ಒಳಗೆ ಕೆರೆಯುತ್ತಾರೆ. ಮಣ್ಣು ಕೆಸರಾಗಿ ಬರುತ್ತದೆ, ಸೀಗೆಪುಡಿಯ ವಾಸನೆ.

"ಯಜಮಾನ್ರೇ, ಬೇರು ಐತೆ. ಆದ್ರೆ ಗೋಡೆ ಇಳಿಸಿದ್ದು ಅದಲ್ಲ. ನಿಮ್ಮ ಬಚ್ಚಲ ಮೋರಿ ಒಡೆದೈತೆ. ನೀರೆಲ್ಲಾ ಇಲ್ಲೇ ಇಂಗಿ ಮಣ್ಣು ಕೊಚ್ಚಿ ಹೋಗೈತೆ."

"ಸರಿಯಾಗಿ ನೋಡಿದ್ಯೇನಮ್ಮ?"

"ನೀವೇ ಒಂದು ಕೊಡ ನೀರು ಹುಯ್ಯಿಸ್ರಿ."

ಬಚ್ಚಲಿಗೆ ಹುಯ್ದ ನೀರು ಸ್ವಲ್ಪ ಹೊತ್ತಿಗೆ ದುರುಗಮ್ಮನ ಪಾದದ ಬಳಿ ಜಿನುಗುತ್ತದೆ. ಬಸವರಾಜಪ್ಪ ಬಗ್ಗಿ ಆ ನೀರನ್ನು ನೋಡುತ್ತಾರೆ. ಆಮೇಲೆ ಬೇಲಿಯ ಹತ್ತಿರ ಹೋಗಿ, "ಮರ ಇರ್ಲಿ ಬಿಡು ಉಡಚಮ್ಮ," ಎನ್ನುತ್ತಾರೆ. ಆಕೆ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಾರೆ. ಮಧ್ಯಾಹ್ನ ಗುಂಡಿಯವರಿಗೆ ಬಿಸಿ ರೊಟ್ಟಿ ಬರುತ್ತದೆ.

ಉಣ್ಣುವಾಗ ಸೊಕ್ಕೆಯ ಮನೆಯ ಮಾತು ಬರುತ್ತದೆ. ಅದನ್ನು ದುರುಗಮ್ಮ ಗಟ್ಟಿ ನೆಲ ಸಿಗುವವರೆಗೆ ಅಗೆದು, ಗರಸು ಮಣ್ಣು ತುಂಬಿ, ತಾವೇ ಎಬ್ಬಿಸಿದ್ದಾರೆ. ಆದರೂ ಮೋಡ ಕಟ್ಟಿದರೆ ಕಲ್ಲೇಶಪ್ಪ ಕಂಬಳಿ ಹಿಡಿದು ಹನುಮಪ್ಪನ ಗುಡಿಗೆ ಮಲಗಲು ಹೋಗುತ್ತಿದ್ದರು.

"ನಾನು ಬ್ಯಾಡ ಅನ್ನಲಿಲ್ಲ," ಎನ್ನುತ್ತಾರೆ ದುರುಗಮ್ಮ, ಗಂಡನಿಗೆ ಇನ್ನೊಂದು ರೊಟ್ಟಿ ಬಡಿಸುತ್ತ. "ಹೋದ ಮಳೆಗಾಲದಾಗೆ ಗುಡುಗು ಶುರು ಆತು. ಇವ್ರು ಎದ್ದು ಗೋಡೆ ಮ್ಯಾಲೆ ಕೈಯಾಡಿಸಿದ್ರು. ತಿರುಗಿ ಹಾಸಿಗ್ಯಾಗೇ ಬಂದು ಮಲಗಿದ್ರು. ಗೊರಕೆ ಹೊಡೆದ್ರು ನೋಡ್ರಿ."